ಮೇಸ್ತ್ರಿಯ ಮೂಗು

ಹರದನಹಳ್ಳಿ
16 ಫೆಬ್ರವರಿ 2025, ಭಾನುವಾರ

ಮಲ್ಲಮ್ಮನಿಗೆ,

ನಿನ್ನ ಗಂಡ ಚಿಕ್ಕಬಸವಯ್ಯ ಬರೆಯುತ್ತಿರುವ ಕಾಗದ. ಕೈಬರಹ ನೋಡಿ ಗಾಬರಿಯಾಗಬೇಡ, ಯಾರೂ ಸತ್ತಿಲ್ಲ. ನಾನು ಕ್ಷೇಮ, ನೀನೂ ಕ್ಷೇಮವೆಂದು ನಂಬಿದ್ದೇನೆ ಎಂದು ಮೊದಲ ಸಾಲಿನಲ್ಲಿ ಬರೆಯುವುದು ವಾಡಿಕೆ. ಆದರೆ ಈ ಕಾಗದದಲ್ಲಿ ಸುಳ್ಳು ಬರೆಯುವುದಿಲ್ಲ ಎಂದು ಮಾತು ಕೊಟ್ಟು ಕೂತಿದ್ದೇನೆ. ಅದಕ್ಕೇ ಆ ಸಾಲನ್ನು ಬಿಟ್ಟೆ.

ಯಾರಿಗೆ ಮಾತು ಕೊಟ್ಟಿರಿ ಎಂದು ಕೇಳುತ್ತೀಯ. ನಿನ್ನ ತಂಗಿ ನೀಲಾವತಿಗೆ. ಬರೆಯಲು ಹೇಳಿದವಳೂ ಅವಳೇ. "ಫೋನಲ್ಲಿ ಏಳ್ಬ್ಯಾಡಿ ಭಾವ. ಬಾಯಲ್ಲಾದ್ರೆ ಅರ್ಧ ನುಂಗ್ಬುಡ್ತೀರ. ಅಕ್ಕನ್ಗೆ ಕಾಗ್ದ ಬರೀರಿ. ಬರ್ದು ನಂಗೆ ತೋರ್ಸಿ, ಆಮೇಲೆ ಪೋಸ್ಟಿಗೆ ಆಕಿ" ಎಂದಳು. ಅವಳು ಹೇಳಿದ್ದು ಸರಿಯಾಗಿಯೇ ಇದೆ. ಪ್ರತಿ ಭಾನುವಾರ ನೀನು ಫೋನ್ ಮಾಡಿ ಊಟ ಆಯ್ತಾ ಎನ್ನುತ್ತೀಯ, ನಾನು ಆಯ್ತು ಎನ್ನುತ್ತೇನೆ. ಗುಂಡ್ಲುಪೇಟೆಯಲ್ಲಿ ಮಳೆಯಾ ಎನ್ನುತ್ತೇನೆ, ನೀನು ಇಲ್ಲ ಎನ್ನುತ್ತೀಯ. ಆಮೇಲೆ ಇಬ್ಬರೂ ಫೋನು ಇಡುತ್ತೇವೆ. ಒಂದು ವರ್ಷದ ಮೇಲೆ ಒಂದು ತಿಂಗಳು ಹೀಗೇ ಕಳೆಯಿತು.

ಅಂತೂ ಈ ಕಾಗದವನ್ನು ಮೊದಲು ನೀಲಾ ಓದುತ್ತಾಳೆ, ಆಮೇಲೆ ನೀನು.

ನನ್ನ ಮೂಗಿನಿಂದಲೇ ಶುರು ಮಾಡಬೇಕು. ಮೂವತ್ತು ವರ್ಷದಲ್ಲಿ ಇನ್ನೂರ ಹನ್ನೆರಡು ಮನೆಗಳ ಹಿತ್ತಲಲ್ಲಿ ಗೋಬರ್ ಗ್ಯಾಸಿನ ಗುಂಡಿ ಕಟ್ಟಿದ್ದೇನೆ. ಉಮ್ಮತ್ತೂರಿನಿಂದ ಹಿಡಿದು ಗುಂಡ್ಲುಪೇಟೆಯವರೆಗೆ ನನ್ನ ಗುಂಡಿಯ ಮೇಲೆ ಅನ್ನ ಬೇಯದ ಊರು ಕಡಿಮೆ. ಬೇರೆ ಮೇಸ್ತ್ರಿಗಳು ಪೈಪಿನ ಜಾಯಿಂಟಿಗೆ ಸೋಪಿನ ನೀರು ಹಚ್ಚಿ, ಗುಳ್ಳೆ ಏಳುತ್ತದೆಯೇ ಎಂದು ನೋಡುತ್ತಾರೆ. ಗುಳ್ಳೆ ಎದ್ದರೆ ಗ್ಯಾಸ್ ಸೋರುತ್ತಿದೆ ಎಂದು ಅರ್ಥ. ನಾನು ಒಂದು ದಿನವೂ ಸೋಪು ಮುಟ್ಟಿದವನಲ್ಲ. ಸೋಪಿನ ನೀರು ಮೂಗಿಲ್ಲದವರಿಗೆ ಎಂದು ಹಂಗಿಸುತ್ತಿದ್ದೆ. ಕೆಲಸ ಮುಗಿದ ಮೇಲೆ ಮನೆಯವರೆಲ್ಲ ಸುತ್ತ ನಿಂತಿರುತ್ತಿದ್ದರು. ನಾನು ಗುಂಡಿಯಿಂದ ಒಲೆಯವರೆಗೆ ಬಗ್ಗಿಕೊಂಡು ಒಂದೊಂದು ಜಾಯಿಂಟಿಗೂ ಮೂಗು ಹಚ್ಚಿ, ಕೊನೆಗೆ ಸೊಂಟ ನೆಟ್ಟಗೆ ಮಾಡಿ, ಒಲೆ ಹಚ್ಚಿ ಎನ್ನುತ್ತಿದ್ದೆ. ಆ ಒಂದು ಮಾತು ಹೇಳುವಾಗ ನನಗೆ ಎಷ್ಟು ಸಂತೋಷವಾಗುತ್ತಿತ್ತು ಎಂದು ನಿನಗೆ ಗೊತ್ತು. ನಿಮ್ಮ ಮೂಗಿಗೊಂದು ಹಾರ ಹಾಕಬೇಕು ಎಂದು ನೀನೇ ಎಷ್ಟು ಸಲ ಕಿಚಾಯಿಸಿಲ್ಲ.

ಆ ಮೂಗು ಕೊರೊನಾದ ಎರಡನೇ ಸುತ್ತಿನಲ್ಲೇ ಹೋಯಿತು ಮಲ್ಲಮ್ಮ. ಜ್ವರ ಬಂದ ಐದನೇ ದಿನ ನೀನು ಮೆಣಸಿನ ಸಾರು ತಂದುಕೊಟ್ಟೆ. ಬಿಸಿನೀರು ಕುಡಿದ ಹಾಗಾಯಿತು. ಎಲ್ಲರಿಗೂ ಹೋಗುತ್ತದೆ, ಎಲ್ಲರಿಗೂ ವಾಪಸ್ ಬರುತ್ತದೆ ಎಂದುಕೊಂಡೆ. ನಿನಗೆ ಬಂತು, ಪಕ್ಕದ ಮನೆಯವರಿಗೆ ಬಂತು, ನನಗೆ ಬರಲೇ ಇಲ್ಲ. ಇವತ್ತಿಗೂ ಬಂದಿಲ್ಲ.

ನಿನ್ನಿಂದ ಅದನ್ನು ಮುಚ್ಚಿಟ್ಟದ್ದು ಸಣ್ಣ ಕೆಲಸವೇನಲ್ಲ. ನೀನು ಬಸ್ಸಾರಿನ ಪಾತ್ರೆ ತಂದಿಡುವ ಮೊದಲೇ ಘಮ್ಮಂತಿದೆ ಎನ್ನುತ್ತಿದ್ದೆ. ಒಂದು ದಿನ ಇನ್ನೂ ಒಗ್ಗರಣೆಯೇ ಹಾಕಿರಲಿಲ್ಲ, ಆಗಲೂ ಹಾಗೇ ಅಂದೆ. ನೀನು ಸೌಟು ಹಿಡಿದು ನನ್ನನ್ನೇ ನೋಡಿದೆ. ಪಕ್ಕದಲ್ಲೇ ಹಾಲು ಸೀದು ಕರಕಲಾಗುತ್ತಿದ್ದರೂ ಪೇಪರ್ ಓದುತ್ತಾ ಕೂತಿದ್ದು ನೆನಪಿದೆಯಾ? ಅಟ್ಟದ ಮೇಲೆ ಇಲಿ ಸತ್ತು ಮೂರು ದಿನವಾಗಿತ್ತು, ನಾನು ಅದರ ಕೆಳಗೇ ಮಲಗಿದ್ದೆ. ಚಂದಕವಾಡಿಯಿಂದ ಬಂದ ನೀನು ಬಾಗಿಲಲ್ಲೇ ಸೆರಗು ಮುಚ್ಚಿಕೊಂಡು, "ಮನುಷ್ಯರಾ ನೀವು?" ಎಂದು ಬೈದೆ. ಮೇಸ್ತ್ರಿಯ ಮೂಗಿಗೆ ರಜಾ ಕೊಟ್ಟಿದ್ದೆ ಎಂದೆ. ನೀನು ನಕ್ಕುಬಿಟ್ಟೆ. ಆವತ್ತು ಹೇಳಿಬಿಡಬೇಕಾಗಿತ್ತು. ನಾನೂ ನಕ್ಕೆ.

ಯಾಕೆ ಹೇಳಲಿಲ್ಲ ಎಂದರೆ ಹೆದರಿಕೆ. ಮೂಗಿಗೆ ಹೆಸರಾದ ಮೇಸ್ತ್ರಿ, ಮೂಗು ಹೋಗಿದೆ ಎಂದರೆ ಯಾರು ಕರೆಯುತ್ತಾರೆ? ಸೋಪಿನ ನೀರು ಹಿಡಿದರೆ ಸಾಕಿತ್ತು, ಕೆಲಸ ನಡೆಯುತ್ತಿತ್ತು. ಆದರೆ ಅಷ್ಟು ವರ್ಷ ಹಂಗಿಸಿದ ಮೇಲೆ ಸೋಪು ಕೈಗೆತ್ತಿಕೊಳ್ಳಲು ನಾಚಿಕೆ. ಎರಡು ವರ್ಷ ಸುಮ್ಮನೆ ಬಗ್ಗಿ ಮೂಗು ಹಚ್ಚುವ ನಾಟಕ ಮಾಡಿದೆ. ಕೈಕೆಲಸ ಗಟ್ಟಿಯಿದ್ದದ್ದರಿಂದ ಏನೂ ಆಗಲಿಲ್ಲ. ಪ್ರತಿ ಮನೆಯಲ್ಲೂ ಬೆಂಕಿಕಡ್ಡಿ ಗೀರುವಾಗ ನಾನು ಒಂದು ಹೆಜ್ಜೆ ಹಿಂದೆ ಸರಿಯುತ್ತಿದ್ದೆ.

ಈಗ ಚಂದಕವಾಡಿಯ ವಿಷಯ. ಇಲ್ಲಿ ಪೆನ್ನು ಕೆಳಗಿಟ್ಟು ಎರಡು ಸಲ ಹೊರಗೆ ಹೋಗಿಬಂದೆ.

ಕಾರ್ತಿಕ ಮಾಸ, ಹೋದ ವರ್ಷದ ಹಿಂದಿನ ವರ್ಷ. ಒಲೆ ಸಣ್ಣಗೆ ಉರಿಯುತ್ತಿದೆ, ಬಂದು ನೋಡಿ ಎಂದು ನೀಲಾಳ ಗಂಡ ಮಾದೇಶ್ ಫೋನ್ ಮಾಡಿದ. ಅವಳ ಮದುವೆಗೆ ಉಡುಗೊರೆಯಾಗಿ ನಾನೇ ಕಟ್ಟಿಕೊಟ್ಟ ಗುಂಡಿ. ಹೋಗಿ ಹಳೆಯ ಪೈಪು ತೆಗೆದು, ಅಡುಗೆಮನೆಯ ಗೋಡೆಯ ಒಳಗಡೆ ಹೊಸ ಜಾಯಿಂಟ್ ಕೂರಿಸಿದೆ. ಎಂದಿನಂತೆ ಬಗ್ಗಿ ಮೂಗು ಹಚ್ಚಿದೆ. ನೀಲಾ ಅನ್ನದ ತಪ್ಪಲೆ ಹಿಡಿದು ಒಳಗೆ ಬಂದಳು. ಒಲೆಯ ಹತ್ತಿರ ಬಂದವಳು ನಿಂತಳು. "ಭಾವ, ಏನೋ ವಾಸ್ನೆ ಬತ್ತಾ ಅದೆ" ಎಂದಳು.

"ಸುಮ್ಕಿರಮ್ಮಿ, ಅದು ಗುಂಡಿ ವಾಸ್ನೆ. ಒಲೆ ಅಚ್ಚು" ಎಂದೆ.

ಅವಳು ಕಡ್ಡಿ ಕೈಯಲ್ಲಿ ಹಿಡಿದು ಇನ್ನೊಂದು ಸಲ ನನ್ನ ಮುಖ ನೋಡಿದಳು. ನಾನು ದನಿ ಎತ್ತರಿಸಿ, "ನಾನೇನು ಇವತ್ತು ನೆನ್ನೆ ಮೇಸ್ತ್ರಿ ಆದೋನಾ?" ಎಂದೆ. ನಿಮ್ಮಮ್ಮ ಹೋದ ಮೇಲೆ ಏಳು ವರ್ಷದ ಮಗುವಾಗಿ ನಮ್ಮ ಮನೆಗೆ ಬಂದವಳು. ನಮಗೆ ಮಕ್ಕಳಾಗಲಿಲ್ಲ ಎಂಬ ಕೊರಗನ್ನು ಮರೆಸಿದವಳು. ನಾನು ಗುಂಡಿ ಕಟ್ಟುವ ಕಡೆಗೆಲ್ಲ ಸೈಕಲ್ಲಿನ ಮುಂದೆ ಕೂತು ಬರುತ್ತಿದ್ದವಳು. ಭಾವನ ಮೂಗು ಗ್ಯಾಸ್ ಇಲ್ಲ ಎಂದರೆ ಇಲ್ಲ ಎಂದು ನಂಬಿಯೇ ಬೆಳೆದವಳು. ತನ್ನ ಮೂಗನ್ನು ಬಿಟ್ಟು ನನ್ನ ಮೂಗನ್ನು ನಂಬಿದಳು. ಕಡ್ಡಿ ಗೀರಿದಳು.

ಮುಂದಿನದನ್ನು ನೀನು ಕಣ್ಣಾರೆ ನೋಡಿದ್ದೀಯ. ಸುಟ್ಟ ಬಲಗೈ, ಸುಟ್ಟ ಹುಬ್ಬು, ಆಸ್ಪತ್ರೆಯಲ್ಲಿ ಹನ್ನೊಂದು ದಿನ. ಆಸ್ಪತ್ರೆಯ ಮೊಗಸಾಲೆಯಲ್ಲಿ ಮಾದೇಶನ ತಾಯಿ, ಹೇಗಾಯಿತು ಎಂದು ಕೇಳಿದರು. ಒಲೆಯ ತಿರುಗಣಿ ಮುಚ್ಚುವುದನ್ನು ಮರೆತಿದ್ದಳೋ ಏನೋ ಎಂದೆ. ಆ ಏನೋ ಎಂಬುದು ಊರು ತಲುಪುವಷ್ಟರಲ್ಲಿ ಬಿದ್ದುಹೋಯಿತು. ನೀಲಾ ಕೈ ಸುಟ್ಟುಕೊಂಡದ್ದಲ್ಲದೆ, ಮನೆ ಸುಡಲು ಹೋದವಳು ಎಂಬ ಮಾತನ್ನೂ ಹೊತ್ತಳು. ನೀನು ನಮ್ಮ ಜಗಲಿಯ ಮೇಲೆ ಕೂತು ಒಂದೇ ಒಂದು ಸಲ ಕೇಳಿದೆ: "ವಾಸ್ನೆ ಬತ್ತಾ ಅದೆ ಅಂತ ನೀಲಾ ಏಳಿದ್ಲಂತೆ, ನಿಜ್ವಾ?" ಇಲ್ಲ, ಅವಳು ಏನೂ ಹೇಳಲಿಲ್ಲ ಎಂದೆ. ನೀನು ಒಳಗೆ ಹೋಗಿ ರಾಗಿಹಿಟ್ಟು ಜರಡಿ ಹಿಡಿಯತೊಡಗಿದೆ. ಸಂಕ್ರಾಂತಿ ಕಳೆದ ಮೇಲೆ ಹಾಸ್ಟೆಲಿನ ಅಡುಗೆ ಕೆಲಸ ಸಿಕ್ಕಿದೆ ಎಂದು ಟ್ರಂಕಿನ ಕೀಲಿಯನ್ನು ಮೊಳೆಗೆ ತಗುಲಿಸಿ ಗುಂಡ್ಲುಪೇಟೆಗೆ ಹೊರಟೆ. ಒಂದು ಪಾತ್ರೆ ಎಸೆದು ಜಗಳವಾಡಿದ್ದರೂ ಆಗುತ್ತಿತ್ತು.

ಸ್ಪಷ್ಟವಾಗಿ ಬರೆಯುತ್ತೇನೆ. ನೀಲಾ ಹೇಳಿದ್ದಳು. ನನಗೆ ಕೇಳಿಸಿತ್ತು. ಒಲೆಯ ತಿರುಗಣಿ ಮುಚ್ಚಿಯೇ ಇತ್ತು. ಗ್ಯಾಸ್ ಸೋರಿದ್ದು ನಾನು ಕೂರಿಸಿದ ಜಾಯಿಂಟಿನಿಂದ. ತಪ್ಪು ನನ್ನದು, ಸುಳ್ಳೂ ನನ್ನದು.

ನೀನು ಹೋದ ಮೇಲೆ ಮಂಡಿನೋವು ಎಂದು ಊರಿಗೆಲ್ಲ ಹೇಳಿ ಕೆಲಸ ಬಿಟ್ಟೆ. ಮನೆ ಎಷ್ಟು ಸದ್ದಿಲ್ಲದಾಯಿತು ಎಂದರೆ ಗೋಡೆ ಗಡಿಯಾರ ನಿಂತಾಗ ಗಾಬರಿಯಾಗಿ ಎದ್ದು ಕೂತೆ. ವಾಸನೆ ಇಲ್ಲದವನಿಗೆ ಒಂಟಿತನ ಇನ್ನೊಂದು ತರಹ. ನಿನ್ನ ಸೀರೆ ಒಂದು ಹಗ್ಗದ ಮೇಲೆ ಉಳಿದಿತ್ತು. ಮುಖಕ್ಕೆ ಹಿಡಿದು ನೋಡಿದೆ. ಬಟ್ಟೆ, ಅಷ್ಟೇ.

ನನ್ನ ಗುಟ್ಟು ಕಂಡುಹಿಡಿದವನು ಹಿದಾಯತ್ ಉಲ್ಲಾ. ಚಾಮರಾಜನಗರದಲ್ಲಿ ನನ್ನ ಗುಂಡಿಗಳಿಗೆಲ್ಲ ಗ್ಯಾಸ್ ತುಂಬುವ ಡ್ರಮ್ಮು ಬೆಸುಗೆ ಹಾಕಿಕೊಟ್ಟವನು, ನೀಲಾಳನ್ನು ಚಿಕ್ಕವಳಿದ್ದಾಗಿನಿಂದ ಬಲ್ಲವನು. ಹೊತ್ತು ಹೋಗದೆ ಒಂದು ದಿನ ಅವನ ಶೆಡ್ಡಿನಲ್ಲಿ ಟೀ ಕುಡಿಯುತ್ತಾ ಕೂತಿದ್ದೆ. ಸಿಲಿಂಡರಿನ ಪೈಪು ಕಳಚಿಕೊಂಡು ಗ್ಯಾಸ್ ನುಗ್ಗಿತಂತೆ. ಎಲ್ಲರೂ ಕೂಗುತ್ತಾ ಹೊರಗೆ ಓಡಿದರು. ಏನೋ ಜಗಳ ಎಂದುಕೊಂಡು ನಾನು ಕೂತೇ ಇದ್ದೆ. ಹಿದಾಯತ್ ಸಿಲಿಂಡರ್ ಮುಚ್ಚಿ ಬಂದು, ಒಂದು ಬಟ್ಟೆಯನ್ನು ಬಣ್ಣಕ್ಕೆ ಬೆರೆಸುವ ಥಿನ್ನರಿನಲ್ಲಿ ಅದ್ದಿ ನನ್ನ ಮೂಗಿಗೆ ಹಿಡಿದು, "ಏನ್ ವಾಸ್ನೆ ಏಳಿ ಬಸಣ್ಣ" ಎಂದ. ಸಾಂಬ್ರಾಣಿ ಎಂದೆ. ಅವನು ಬೆಂಚಿನ ಮೇಲೆ ಕುಸಿದು ಕೂತು, "ಇದೇ ಮೂಗ್ ಇಟ್ಕಂಡು ಚಂದಕವಾಡೀಲಿ ಕೆಲ್ಸ ಮಾಡುದ್ರಾ?" ಎಂದ. ಆಮೇಲೆ ಒಂದು ತಿಂಗಳು ನನ್ನ ಜೊತೆ ಮಾತು ಬಿಟ್ಟ.

ತಿಂಗಳ ಮೇಲೆ ಅವನೇ ಆಟೋದಲ್ಲಿ ಒಂದು ಚಿಕ್ಕ ಡ್ರಮ್ಮು ಹೇರಿಕೊಂಡು ನಮ್ಮ ಮನೆ ಬಾಗಿಲಿಗೆ ಬಂದ. ಊರವರ ಮನೆಗೆಲ್ಲ ಕಟ್ಟಿದಿರಿ, ಈಗ ನಿಮ್ಮ ಮನೆಗೆ ಕಟ್ಟಿ ಎಂದ. "ಮೂಗಿಲ್ದೋನು ಎಂಗೆ ಕೆಲ್ಸ ಮಾಡ್ಬೇಕೋ ಅದ್ನ ಮೊದ್ಲು ಕಲೀರಿ" ಎಂದು ಜೇಬಿನಿಂದ ಒಂದು ಸೋಪು ತೆಗೆದು ಜಗಲಿಯ ಮೇಲಿಟ್ಟ. ಇಪ್ಪತ್ತು ವರ್ಷ ನೀನು ಕೇಳಿದ್ದೆ, ಮೇಸ್ತ್ರಿ ಹೆಂಡತಿಗೇ ಗ್ಯಾಸ್ ಗುಂಡಿ ಇಲ್ಲವಲ್ಲ ಎಂದು ಹೆಂಗಸರು ಆಡಿಕೊಳ್ಳುತ್ತಾರೆ ಎಂದು. ನಿನ್ನ ತುಳಸಿ ಕಟ್ಟೆಯ ಹಿಂದೆ ಅದು ಈಗ ಇದೆ. ನಮಗೆ ದನವಿಲ್ಲದ್ದರಿಂದ ಸಗಣಿಯ ಬದಲು ಅಡುಗೆಮನೆಯ ಕಲಗಚ್ಚಿನಲ್ಲಿ ನಡೆಯುವ ಚಿಕ್ಕ ಗುಂಡಿ.

ಹೊಸ ಗುಂಡಿಗೆ ಮೊದಲು ಹೆಪ್ಪು ಬೇಕು, ಹಾಲಿಗೆ ಬೇಕಾದ ಹಾಗೇ. ನಡೆಯುತ್ತಿರುವ ಗುಂಡಿಯೊಂದರಿಂದ ಎರಡು ಕ್ಯಾನು ಬಗ್ಗಡ ತಂದು ಸುರಿದರೆ ಕೆಲಸ ಬೇಗ ಹತ್ತುತ್ತದೆ. ನಾನೂ ಒಂದು ಒಳ್ಳೆಯ ಗುಂಡಿ ನೋಡಿ ತಂದೆ. ಬಸ್ಸಿನಲ್ಲಿ ಬರುವಾಗ ಪಕ್ಕದವನು ಎದ್ದು ಹಿಂದೆ ಹೋದ. ಮುಂದಿನ ಸೀಟಿನವರೂ ಎದ್ದರು. ತೆರಕಣಾಂಬಿ ದಾಟುವ ಹೊತ್ತಿಗೆ ನನ್ನ ಸುತ್ತ ಎಂಟು ಸೀಟು ಖಾಲಿ, ಜನ ಬಾಗಿಲಲ್ಲಿ ಜೋತಾಡುತ್ತಿದ್ದಾರೆ. ನನ್ನ ಮುಖದಲ್ಲೇ ಏನೋ ಬರೆದಿದೆಯೇನೋ, ಇವರಿಗೆಲ್ಲ ಗೊತ್ತಾಗಿದೆಯೇನೋ ಅನ್ನಿಸಿತು. ಕಂಡಕ್ಟರ್ ಕರ್ಚೀಫು ಮುಚ್ಚಿಕೊಂಡು ಬಂದು, "ಯಜಮಾನ್ರೆ, ಕ್ಯಾನು ಸೋರ್ತಾ ಅದೆ, ನಿಮ್ಗೆ ಗೊತ್ತಾಯ್ತಾ ಇಲ್ವಾ?" ಎಂದಾಗಲೇ ಕೆಳಗೆ ನೋಡಿದ್ದು. ಇಳಿದು ಮೂರು ಮೈಲಿ ನಡೆದೆ.

ಹೆಪ್ಪು ಹಾಕಿದೆ, ಆದರೆ ಡ್ರಮ್ಮು ಮೇಲೇಳಲಿಲ್ಲ. ಗ್ಯಾಸ್ ತುಂಬಿದರೆ ತಾನೇ ಅದು ಏಳುವುದು. ಐದು ಜನರ ಮನೆಗೆ ಇಷ್ಟು, ಎಂಟು ಜನಕ್ಕೆ ಇಷ್ಟು ಎಂದು ನೂರಾರು ಜನರಿಗೆ ಹೇಳಿದ್ದೇನೆ. ಒಬ್ಬನಿಗೆ ಎಷ್ಟು ಎಂದು ಯಾರೂ ಕೇಳಿರಲಿಲ್ಲ. ಒಂದು ಈರುಳ್ಳಿಯ ಸಿಪ್ಪೆ, ಹಿಡಿ ಅಕ್ಕಿ ತೊಳೆದ ನೀರು, ತಿಂದು ಮಿಕ್ಕಿದ ಅರ್ಧ ಮುದ್ದೆ. ಒಬ್ಬಂಟಿಯ ಮನೆಯ ಕಲಗಚ್ಚಿನಲ್ಲಿ ಒಂದು ಲೋಟ ಟೀ ಕಾಯುವಷ್ಟೂ ಗ್ಯಾಸ್ ಹುಟ್ಟುವುದಿಲ್ಲ. ಕೊನೆಗೆ ಬಕೆಟ್ ಹಿಡಿದು ಬೆಳಿಗ್ಗೆ ಕಲಗಚ್ಚು ಕೇಳಿಕೊಂಡು ಬೀದಿಯ ಮನೆಗಳಿಗೆ ಹೋಗತೊಡಗಿದೆ. ದೊಡ್ಡಮಲ್ಲಪ್ಪನ ಸೊಸೆ, "ಏನ್ ಮೇಸ್ತ್ರಿ, ಅಸ ಎಮ್ಮೆ ಕಟ್ಟಿದ್ದೀರಾ?" ಎಂದು ನಗುತ್ತಾಳೆ. ನಗಲಿ. ದಿನಕ್ಕೆ ಹತ್ತು ಬಾಗಿಲಲ್ಲಿ ಹತ್ತು ಮಾತು ಸಿಗುತ್ತದೆ. ಜನವರಿ ಕೊನೆಗೆ ಡ್ರಮ್ಮು ಎದ್ದಿತು.

ಎದ್ದ ಮೇಲೆ ಹಚ್ಚಲು ಧೈರ್ಯ ಬರಲಿಲ್ಲ. ಎಲ್ಲ ಜಾಯಿಂಟಿಗೂ ಸೋಪಿನ ನೀರು ಹಚ್ಚಿದ್ದೆ, ಗುಳ್ಳೆ ಕಾಣಲಿಲ್ಲ. ಆದರೂ ಮನೆಯಲ್ಲಿ ಒಂದು ಮೂಗಿಲ್ಲವಲ್ಲ. ಹನ್ನೆರಡು ದಿನ ತುಂಬಿದ ಡ್ರಮ್ಮು ನೋಡಿಕೊಂಡು ಸಿಲಿಂಡರಿನ ಮೇಲೆ ಅನ್ನ ಮಾಡಿಕೊಂಡೆ. ಅದಕ್ಕಾದರೆ ಕಿಟಕಿ ಬಾಗಿಲು ತೆರೆದು, ಹೊರಗೆ ನಿಂತು ನೂರು ಎಣಿಸಿ ಬಂದು ಹಚ್ಚುತ್ತೇನೆ. ಒಬ್ಬನೇ ಇರುವವನ ಅಡುಗೆ ಹೀಗೆ.

ಹದಿಮೂರನೇ ದಿನ ಚಂದಕವಾಡಿಗೆ ಹೋದೆ. ಆ ಮನೆ ಮೆಟ್ಟಿಲು ಹತ್ತಿ ವರ್ಷ ಕಳೆದಿತ್ತು. ಮಾದೇಶ್, ಅವನ ತಾಯಿ, ಪಕ್ಕದ ಮನೆಯವರು ಇಬ್ಬರು, ಎಲ್ಲರ ಮುಂದೆ ನಿಂತು, ಮೇಲೆ ನಿನಗೆ ಬರೆದದ್ದನ್ನೇ ಹೇಳಿದೆ. ಮಾದೇಶ್ ಎದ್ದು ಹೊರಗೆ ಹೋದ. ಅವನ ತಾಯಿ ತಲೆಗೆ ಕೈಹೊತ್ತು, "ಇಷ್ಟ್ ದಿನ ನಮ್ಮುಡ್ಗೀನೆ ಅಂದ್ಬುಟ್ಟೆನಲ್ಲಪ್ಪ" ಎಂದರು. ನೀಲಾ ಅಡುಗೆಮನೆಯಿಂದ ಹೊರಗೆ ಬರಲಿಲ್ಲ. ಬಾಗಿಲಲ್ಲಿ ನಿಂತು ನೋಡಿದೆ. ಎಡಗೈಯಲ್ಲಿ ಮುದ್ದೆ ಕಟ್ಟುತ್ತಿದ್ದಳು. ಬಲಗೈ ಬೆರಳು ಪೂರ್ತಿ ಮಡಚುವುದಿಲ್ಲ. ತಿರುಗದೆಯೇ, "ಈವಾಗ ಯಾಕ್ ಬಂದ್ರಿ ಭಾವ?" ಎಂದಳು.

ಒಲೆ ಹಚ್ಚಬೇಕು, ಮೂಸಿ ನೋಡಲು ಬಾ ಎಂದೆ. ಅವಳ ಹತ್ತಿರ ಕೇಳುವ ಮಾತೇ ಅದು?

ಮೊನ್ನೆ ಗುರುವಾರ ಬಂದಳು. ಮಾದೇಶ್ ಬೈಕಿನಿಂದ ಇಳಿಯಲಿಲ್ಲ. ನೀಲಾ ಸೆರಗು ಸಿಕ್ಕಿಸಿ, ಡ್ರಮ್ಮಿನಿಂದ ಶುರು ಮಾಡಿ ಬಗ್ಗಿ ಬಗ್ಗಿ ಒಂದೊಂದು ಜಾಯಿಂಟಿಗೂ ಮೂಗು ಹಚ್ಚುತ್ತಾ ಬಂದಳು, ನಾನು ಮಾಡುತ್ತಿದ್ದ ಹಾಗೇ. ಗೋಡೆಯ ತಿರುವಿನಲ್ಲಿ ನಿಂತಳು. "ಇಲ್ಲಿ ಅದೆ ಭಾವ" ಎಂದಳು. ಇಲ್ಲ ಕಣಮ್ಮಿ, ಸೋಪಾಕಿ ನೋಡಿವ್ನಿ ಎಂಬ ಮಾತು ತುಟಿಗೆ ಬಂದೇಬಿಟ್ಟಿತ್ತು. ನುಂಗಿಕೊಂಡು ಪೈಪಿನ ವಾಲ್ವ್ ಮುಚ್ಚಿದೆ. ಬಿಚ್ಚಿ ನೋಡಿದರೆ ಗೋಡೆಗೆ ತಾಗಿದ ಬದಿಯಲ್ಲಿ, ನನ್ನ ಕಣ್ಣು ಹೋಗದ ಕಡೆ, ಕೂದಲೆಳೆಯಷ್ಟು ಬಿರುಕು. ಹೊಸದು ಕೂರಿಸಿದೆ. ಅವಳು ಮತ್ತೆ ಮೂಸಿದಳು. ಈಗ ಇಲ್ಲ ಎಂದು ಹೇಳಿ ಅಂಗಳಕ್ಕೆ ಹೋಗಿ ನಿಂತಳು. ಬೆಂಕಿಕಡ್ಡಿ ಗೀರುವ ಸದ್ದು ಅವಳಿಗೆ ಈಗಲೂ ಆಗುವುದಿಲ್ಲ.

ನಾನೇ ಹಚ್ಚಿದೆ. ನೀಲಿಯಾಗಿ, ಸದ್ದಿಲ್ಲದೆ ಹತ್ತಿಕೊಂಡಿತು. ಮೊದಲ ಟೀ ಮಾಡಿ ಅವಳಿಗೆ ಕೊಟ್ಟೆ. ಎರಡೂ ಅಂಗೈಯಲ್ಲಿ ಲೋಟ ಹಿಡಿದು ಕುಡಿದಳು. ಆಮೇಲೆ ಕಾಗದದ ಮಾತು ಹೇಳಿದಳು. ಕ್ಷಮಿಸಿದ್ದೇನೆ ಎಂದು ಅವಳು ಹೇಳಿಲ್ಲ, ನಾನು ಕೇಳಿಯೂ ಇಲ್ಲ.

ಎಲ್ಲ ಬರೆದಾಯಿತು. ತಂಗಿಯನ್ನು ನಂಬಿ ನೀನು ಮನೆ ಬಿಟ್ಟದ್ದು ಸರಿಯಾಗಿತ್ತು ಎಂದು ತಿಳಿಸಲು ಈ ಕಾಗದ. ನೀನು ವಾಪಸ್ ಬರಲಿ ಎಂದು ಬರೆದದ್ದಲ್ಲ.

ನಿನಗೆ ಸುಳ್ಳು ಹೇಳಿದ
ಚಿಕ್ಕಬಸವಯ್ಯ

ಮರೆತ ಮಾತು: ನೀಲಾ ಬಂದು ಎರಡು ಸಲ ಓದಿ, "ಸರಿ, ಅಂಟ್ಸಿ" ಎಂದು ಹೋದಳು. ಅಂಟಿಸುವ ಮೊದಲು ಇದನ್ನು ಸೇರಿಸುತ್ತಿದ್ದೇನೆ, ಇದನ್ನು ಅವಳು ಓದಿಲ್ಲ. ಮೇಲಿನ ಕಾಗದದಲ್ಲಿ ಒಂದು ಸುಳ್ಳಿದೆ. ನೀನು ಬರಲಿ ಎಂದೇ ಬರೆದದ್ದು.

ಇನ್ನೊಂದು. ಹೆಪ್ಪು ತಂದದ್ದು ನಿನ್ನ ಹಾಸ್ಟೆಲಿನ ಗುಂಡಿಯಿಂದ. ಹೆಪ್ಪಿಗಾಗುವಷ್ಟು ಸಗಣಿ ನಮ್ಮ ಬೀದಿಯಲ್ಲೇ ಇತ್ತು, ಗುಂಡ್ಲುಪೇಟೆಯವರೆಗೆ ಬರುವ ಕೆಲಸವೇ ಇರಲಿಲ್ಲ. ಕಟ್ಟಿದ ಮೇಸ್ತ್ರಿ ನಾನೇ ಎಂದದ್ದಕ್ಕೆ ವಾರ್ಡನ್ ಹಿತ್ತಲಿಗೆ ಬಿಟ್ಟರು. ನಿನ್ನ ಹತ್ತಿರ ನನ್ನ ಹೆಸರು ಹೇಳಬೇಡಿ ಎಂದು ಬೇಡಿಕೊಂಡೆ. ಅಡುಗೆಮನೆಯ ಕಿಟಕಿಯಲ್ಲಿ ನೀನು ದೊಡ್ಡ ಬಾಣಲೆಗೆ ಒಗ್ಗರಣೆ ಹಾಕುತ್ತಿದ್ದೆ. ತಟ್ಟೆ ಹಿಡಿದು ನಿಂತ ಹುಡುಗಿಯರೆಲ್ಲ ಉಸಿರೆಳೆದುಕೊಂಡು ಆಹಾ ಎಂದರು. ಹತ್ತು ಅಡಿ ದೂರದಲ್ಲಿ ನಿಂತು ನಾನೂ ಎದೆ ನೋಯುವಷ್ಟು ಉಸಿರೆಳೆದೆ. ಏನೂ ಬರಲಿಲ್ಲ. ಕ್ಯಾನು ಎತ್ತಿಕೊಂಡು ಹೊರಟೆ. ನೀನು ತೊಳೆದು ಚೆಲ್ಲಿದ ಅಕ್ಕಿ ನೀರೇ ಈಗ ನಮ್ಮ ಹಿತ್ತಲಲ್ಲಿ ಡ್ರಮ್ಮು ಎತ್ತುತ್ತಿದೆ. ನೀನು ಬಂದು ಬಡಿಸಿ, ಹೇಗಿದೆ ಎಂದು ಕೇಳಿದರೆ ಈ ಸಲ ಘಮ್ಮಂತಿದೆ ಎನ್ನುವುದಿಲ್ಲ. ಗೊತ್ತಾಗುವುದಿಲ್ಲ, ನೀನೇ ಹೇಳು ಎನ್ನುತ್ತೇನೆ.

ಆ ದಿನ ನಿನ್ನ ಒಲೆಯ ಹಿಂದಿನ ಗೋಡೆಯ ಹೊರಗೆ, ಪೈಪಿನ ಜಾಯಿಂಟಿಗೆ ಸೋಪಿನ ನೀರು ಹಚ್ಚಿ ನೋಡಿದೆ. ಗುಳ್ಳೆ ಎದ್ದಿತು. ಬಿಗಿ ಮಾಡಿ ಬಂದಿದ್ದೇನೆ, ಆದರೂ ವಾರಕ್ಕೊಂದು ಸಲ ನೀನೇ ನೋಡು. ವಾಸನೆ ಬಂತು ಅನ್ನಿಸಿದರೆ ನಿನ್ನ ಮೂಗನ್ನೇ ನಂಬು. ಎಂಥ ಹೆಸರುವಾಸಿ ಮೇಸ್ತ್ರಿ ಪಕ್ಕದಲ್ಲಿ ನಿಂತು ಏನೂ ಇಲ್ಲ, ಹಚ್ಚು ಎಂದರೂ ಹಚ್ಚಬೇಡ. ಆ ಮೇಸ್ತ್ರಿ ನಾನೇ ಆಗಿದ್ದರೂ.